ಮಾರ್ಜಾರಪೋಷಣೆ: ತೆರೆದ ಬಾಗಿಲಿನ ದೋಷ, ಮುಚ್ಚಿದ ಬಾಗಿಲಿನ ದೋಷ

ಶಕವರ್ಷ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ದಕ್ಷಿಣದ ರಾಜರನ್ನು ಗೆದ್ದು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ, ಅವನ ಸಾಮಂತನಾದ ಚಾಲುಕ್ಯ ವಾಗರಾಜನ ಗಂಗಧಾರೆಯಲ್ಲಿ ಸೋಮದೇವಸೂರಿಗಳು ‘ಯಶಸ್ತಿಲಕಚಂಪೂ’ವನ್ನು ಪೂರ್ಣಗೊಳಿಸಿದರು. ವಾಗರಾಜನ ತಂದೆ ಅರಿಕೇಸರಿಯು ಪಂಪನಿಗೆ ಆಶ್ರಯವಿತ್ತವನು. ಹೀಗಾಗಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಸಂಸ್ಕೃತ ಕಾವ್ಯದ ಪರಿಸರ ಅಪರಿಚಿತವೇನಲ್ಲ. ಎಂಟು ಆಶ್ವಾಸಗಳ ಈ ಗ್ರಂಥದ ಮೊದಲ ಐದು ಆಶ್ವಾಸಗಳು ಯಶೋಧರನ ಕಥೆಗೆ ಮೀಸಲು. ಉಳಿದ ಮೂರು ‘ಉಪಾಸಕಾಧ್ಯಯನ’ವೆಂದು ಹೆಸರಾಗಿವೆ, ಗೃಹಸ್ಥನು ಹೇಗೆ ಬಾಳಬೇಕೆಂಬುದರ ನಿರೂಪಣೆ ಅಲ್ಲಿದೆ.

ಉಪಾಸಕಾಧ್ಯಯನದಲ್ಲಿ ಅನರ್ಥದಂಡದ ಪ್ರಕರಣ ಬಂದಾಗ ಸೋಮದೇವರು ಒಂದು ಪಟ್ಟಿಯನ್ನು ಕೊಡುತ್ತಾರೆ. ನವಿಲು, ಕೋಳಿ, ಗಿಡುಗ, ಬೆಕ್ಕು, ಹಾವು, ಮುಂಗುಸಿ ಎಂಬ ಆರು ಪ್ರಾಣಿಗಳು ಮೊದಲು. ಅವುಗಳ ಬೆನ್ನಿಗೇ ವಿಷ, ಮುಳ್ಳು, ಆಯುಧ, ಬೆಂಕಿ, ಚಾವಟಿ, ಪಾಶ, ಹಗ್ಗ. ನಡುವೆ ವಿಂಗಡಣೆಯ ಗೆರೆಯಿಲ್ಲ, ಪ್ರತ್ಯೇಕ ಶೀರ್ಷಿಕೆಯಿಲ್ಲ. ಒಲೆಯ ಬದಿಯಲ್ಲಿ ಮುದುರಿ ಮಲಗುವ ಬೆಕ್ಕು, ವಿಷದ ಭರಣಿ ಮತ್ತು ಹಿರಿದ ಖಡ್ಗಗಳ ಸಾಲಿನಲ್ಲಿ ಕುಳಿತಿದೆ. ಕ್ರೂರಪ್ರಾಣಿಗಳ ಪೋಷಣೆಯನ್ನೂ ಹಿಂಸೋಪಕರಣಗಳ ತಯಾರಿಕೆಯನ್ನೂ ದೇಶವ್ರತಿಯಾದ ಶ್ರಾವಕನು ಮಾಡತಕ್ಕದ್ದಲ್ಲ ಎಂಬುದು ಅವರ ತೀರ್ಮಾನ.

ಸಾಕುಬೆಕ್ಕನ್ನು ಮನೆಯ ಹೊರಗೆ ತಿರುಗಾಡಲು ಬಿಡಬೇಕೆ, ಬಾಗಿಲು ಹಾಕಿ ಒಳಗೇ ಇರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಇಂದು ಜಗತ್ತಿನ ಅನೇಕ ನಗರಗಳಲ್ಲಿ ಮನೆಯೊಳಗಿನ ಚರ್ಚೆಯೂ ಹೌದು, ನಗರಸಭೆಯ ಚರ್ಚೆಯೂ ಹೌದು. ಹೊರಗೆ ಬಿಟ್ಟರೆ ವಾಹನ, ನಾಯಿ, ರೋಗಗಳ ಭಯ ಬೆಕ್ಕಿಗೆ. ಬೆಕ್ಕಿನ ಭಯ ಹಕ್ಕಿಗೆ. ಒಳಗಿಟ್ಟರೆ ಸ್ವಭಾವತಃ ಸಂಚಾರಿಯಾದ ಜೀವಿಯೊಂದಕ್ಕೆ ನಾಲ್ಕು ಗೋಡೆಗಳ ಸೆರೆ. ಈ ಇಬ್ಬಂದಿ ಹೊಸದೆಂದು ಭಾವಿಸುವವರು ಶ್ರಾವಕಾಚಾರ ಗ್ರಂಥಗಳನ್ನು ಒಮ್ಮೆ ತೆರೆದು ನೋಡಬೇಕು. ಅಲ್ಲಿ ಎರಡೂ ಬಾಗಿಲುಗಳ ಮೇಲೆ ದೋಷದ ಹೆಸರುಗಳು ಬರೆದಿವೆ.

ಮೊದಲನೆಯದು ತೆರೆದ ಬಾಗಿಲು. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಜೀವಿಗಳಿಗೆ ಒದಗುವ ಪೀಡೆ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಸಮಂತಭದ್ರರು ಅದನ್ನು ಐದಾಗಿ ವಿಂಗಡಿಸಿದರು. ಇವುಗಳಲ್ಲಿ ಹಿಂಸಾದಾನವೆಂದರೆ ಕೊಲ್ಲುವ ಸಾಧನಗಳನ್ನು ಪರರ ಕೈಗೆ ಒದಗಿಸುವುದು. ‘ರತ್ನಕರಂಡಕ ಶ್ರಾವಕಾಚಾರ’ದ ಪಟ್ಟಿಯಲ್ಲಿ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದುವು ಇವೆ, ಪ್ರಾಣಿಗಳ ಹೆಸರಿಲ್ಲ. ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಹೇಳುವುದೂ ವಿಷ, ಮುಳ್ಳು, ಶಸ್ತ್ರ, ಅಗ್ನಿ, ಹಗ್ಗ, ಚಾವಟಿ, ಕೋಲುಗಳ ಮಾತನ್ನೇ. ಬೆಕ್ಕಿಗೆ ಆ ಪಂಕ್ತಿಯಲ್ಲಿ ಸ್ಥಾನ ದೊರೆತುದು ಬೇರೆ ಗ್ರಂಥಗಳಲ್ಲಿ. ಪ್ರಾಕೃತದ ‘ಕಾರ್ತಿಕೇಯಾನುಪ್ರೇಕ್ಷೆ’ಯು ನಾಲ್ಕನೆಯ ಅನರ್ಥದಂಡವನ್ನು ವಿವರಿಸುವಾಗ ಮೊತ್ತಮೊದಲಿಗೆ ಹೆಸರಿಸುವುದೇ ಬೆಕ್ಕು ಮುಂತಾದುವನ್ನು ಇರಿಸಿಕೊಳ್ಳುವುದನ್ನು, ಆಯುಧ, ಕಬ್ಬಿಣಗಳ ಮಾರಾಟ ಅದರ ನಂತರ. ಸದಲಗದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ಶುಭಚಂದ್ರರ ಸಂಸ್ಕೃತ ಟೀಕೆಯೊಡನೆ 1960ರಲ್ಲಿ ಪ್ರಕಟಿಸಿದ ಆವೃತ್ತಿಯಿಂದ ಈ ಗ್ರಂಥವು ಆಧುನಿಕ ವಿದ್ವತ್ತಿಗೆ ಚೆನ್ನಾಗಿ ಪರಿಚಿತವಾಯಿತು.

ಗುಜರಾತಿನಲ್ಲಿ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದೇ ಸಂಗತಿಯನ್ನು ‘ಅಸತೀಪೋಷಣ’ವೆಂಬ ನಿಷಿದ್ಧ ವೃತ್ತಿಯ ಅಡಿಯಲ್ಲಿ ತರುತ್ತಾರೆ. ಸಾರಿಕೆ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನೂ ದಾಸಿಯರನ್ನೂ ಹಣಕ್ಕಾಗಿ ಪೋಷಿಸುವುದು ಅದರ ವ್ಯಾಪ್ತಿ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಅದನ್ನು ಇನ್ನೂ ನೇರವಾಗಿ ಬಿಡಿಸುತ್ತಾರೆ: ಪ್ರಾಣಿಗಳನ್ನು ಕೊಲ್ಲುವ ಪ್ರಾಣಿಗಳ ಪೋಷಣೆ. ಹೇಮಚಂದ್ರರ ಮಾತಿನಲ್ಲಿರುವ ‘ಹಣಕ್ಕಾಗಿ’ ಎಂಬ ವಿಶೇಷಣವನ್ನು ಹಗುರವಾಗಿ ದಾಟಿಹೋಗಬಾರದು. ಮಳೆಯಲ್ಲಿ ತೊಯ್ದು ಬಾಗಿಲಿಗೆ ಬಂದ ಮರಿಯನ್ನು ಒಳಗೆ ಕರೆದುಕೊಂಡವನೂ, ಲಾಭಕ್ಕಾಗಿ ಪ್ರಾಣಿಗಳನ್ನು ಸಾಕಿದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡಬಾರದೆಂಬ ಎಚ್ಚರ ಅದರಲ್ಲಿದೆ. ಹಸಿದ ಜೀವಿಗೆ ಅನ್ನವಿಡುವ ಕರುಣಾದಾನವೂ, ಹೆದರಿದ ಜೀವಿಗೆ ನೆಲೆಯೀಯುವ ಅಭಯದಾನವೂ ಇದೇ ಪರಂಪರೆಯ ಮಾತುಗಳೇ ಅಲ್ಲವೆ?

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ ಗ್ರಂಥಕಾರರಲ್ಲಿ ಯಾರೂ ಗೃಹಸ್ಥನ ಲೆಕ್ಕ ಬರೆಯುವಾಗ ಬೆಕ್ಕನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ಖಡ್ಗವನ್ನು ಯಾರೂ ದೂಷಿಸುವುದಿಲ್ಲವಷ್ಟೆ. ಪಟ್ಟಿಯಲ್ಲಿ ಬೆಕ್ಕು ನಿಂತಿರುವುದು ಸಾಧನವಾಗಿ. ಪ್ರಶ್ನೆ ಕೇಳಲ್ಪಡುವುದು ಅದನ್ನು ಇರಿಸಿಕೊಂಡವನಿಗೆ. ಸಾವಿರ ವರ್ಷಗಳ ನಂತರದ ಚರ್ಚೆಗಳಲ್ಲಿ ಈ ಸೂಕ್ಷ್ಮ ಎಷ್ಟು ಸುಲಭವಾಗಿ ಕೈಜಾರಿತೆಂಬುದನ್ನು ಮುಂದೆ ಕಾಣಬಹುದು.

ಆದರೆ ಈ ನಿಷೇಧ ಯಾರನ್ನು ಉದ್ದೇಶಿಸಿ ಬರೆದುದು? ಶ್ರಾವಕರಲ್ಲಿ ವರ್ತಕರೂ ಒಕ್ಕಲಿಗರೂ ಇದ್ದರು. ಮನೆಯಲ್ಲಿ ಕಣಜವಿತ್ತು, ಅಂಗಡಿಯಲ್ಲಿ ಧಾನ್ಯದ ಚೀಲವಿತ್ತು, ಬಸದಿಯಲ್ಲಿ ತಾಳೆಗರಿಯ ಕಟ್ಟುಗಳಿದ್ದವು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಓದುಗರಲ್ಲಿ ಮಾಡಿಕೊಳ್ಳುವ ಬಿನ್ನಹ ಪ್ರಸಿದ್ಧವಾದುದು. ನೀರು, ಬೆಂಕಿ, ಕಳ್ಳರು ಇವುಗಳ ಜೊತೆಗೆ ಇಲಿಗಳಿಂದಲೂ ಈ ಪುಸ್ತಕವನ್ನು ಯತ್ನಪೂರ್ವಕವಾಗಿ ಕಾಪಾಡಿ ಎಂಬುದು ಅದರ ಒಂದು ರೂಪ. ಬೆನ್ನು ಬಗ್ಗಿಸಿ, ಕಣ್ಣು ಸೋತು ಬರೆದ ಪ್ರತಿಯನ್ನು ಒಂದೇ ರಾತ್ರಿಯಲ್ಲಿ ಇಲಿ ಹಾಳುಮಾಡಬಲ್ಲದು. ಬೆಕ್ಕು ಸಾಕಬಾರದೆಂದು ಬರೆದ ಗರಿಗಳನ್ನೇ ಇಲಿಯಿಂದ ಉಳಿಸಿಕೊಳ್ಳಬೇಕಾದ ಪರಿಸ್ಥಿತಿ ಆ ಸಮಾಜದ್ದಾಗಿತ್ತು. ಆದುದರಿಂದ ಈ ವಿಧಿಯನ್ನು ಬೆಕ್ಕಿನ ಅಗತ್ಯವೇ ಇಲ್ಲದವರ ಸುಲಭದ ಉಪದೇಶವೆಂದು ತಳ್ಳಿಹಾಕಲಾಗದು.

ಬೆಕ್ಕು ಮನುಷ್ಯನ ಬಳಿಗೆ ಬಂದುದೇ ಕಣಜದ ದಾರಿಯಿಂದ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಸಮೀಪದಲ್ಲೇ ಹೂಳಲಾದ ಬೆಕ್ಕಿನ ಅಸ್ಥಿ ದೊರೆತುದು 2004ರಲ್ಲಿ ಪ್ರಕಟವಾಯಿತು. ಧಾನ್ಯ ಕೂಡಿಟ್ಟಲ್ಲಿಗೆ ಇಲಿ, ಇಲಿಯ ಹಿಂದೆ ಬೆಕ್ಕು. ನಾಯಿಯಂತೆ ಅದು ಆಜ್ಞೆಗೆ ಒಗ್ಗಲಿಲ್ಲ, ಎತ್ತಿನಂತೆ ನೊಗಕ್ಕೆ ಬರಲಿಲ್ಲ. ಬಾಗಿಲು ತೆರೆದಿರುವುದೇ ಅದರ ಉದ್ಯೋಗದ ಷರತ್ತಾಗಿತ್ತು.

ಸೋಮದೇವರ ಶತಮಾನದಲ್ಲೇ ಆಳಿದ ವೇಲ್ಸ್ ದೇಶದ ದೊರೆ ಹೈವೆಲ್ ದ್ದಾನ ಹೆಸರಿನಲ್ಲಿ ಉಳಿದುಬಂದಿರುವ ಕಾನೂನುಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಸ್ವಾರಸ್ಯಕರ. ಅಲ್ಲಿ ಬೆಕ್ಕಿಗೆ ಬೆಲೆ ಗೊತ್ತುಮಾಡಲಾಗಿದೆ. ಹುಟ್ಟಿದಂದಿನಿಂದ ಕಣ್ಣು ಬಿಡುವವರೆಗೆ ಒಂದು ಪೆನ್ನಿ, ಅಲ್ಲಿಂದ ಇಲಿ ಕೊಲ್ಲುವವರೆಗೆ ಎರಡು, ಇಲಿ ಕೊಂದ ಮೇಲೆ ನಾಲ್ಕು. ಕೊಂದ ಕ್ಷಣದಿಂದ ಬೆಲೆ ಇಮ್ಮಡಿ! ಒಂದೇ ಸಾಮರ್ಥ್ಯವನ್ನು ಕಂಡು ಒಬ್ಬರು ಬೆಲೆಯನ್ನು ಏರಿಸಿದರು, ಇನ್ನೊಬ್ಬರು ದೋಷವನ್ನು ಎಣಿಸಿದರು. ಬೆಕ್ಕೇನೋ ಎರಡು ಕಡೆಯಲ್ಲೂ ಒಂದೇ.

ಸೋಮದೇವರ ಪಟ್ಟಿಯಲ್ಲಿ ನವಿಲು ಮೊದಲು ಬರುವುದಕ್ಕೂ ಅವರ ಕಥೆಗೂ ಸಂಬಂಧವಿಲ್ಲದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಮುಂದಿನ ಭವದಲ್ಲಿ ನವಿಲು ಮತ್ತು ನಾಯಿಯಾಗಿ ಹುಟ್ಟುತ್ತಾರೆ; ಎರಡೂ ಪ್ರಾಣಿಗಳು ಮಗ ಯಶೋಮತಿಯ ಅರಮನೆಗೇ ಕಾಣಿಕೆಯಾಗಿ ಬಂದು ಸೇರುತ್ತವೆ. ಪೂರ್ವಸ್ಮೃತಿ ಬಂದ ನವಿಲು, ರಾಣಿ ಅಮೃತಮತಿಯನ್ನೂ ಅವಳ ಜಾರನನ್ನೂ ಒಟ್ಟಿಗೆ ಕಂಡು ಮೇಲೆರಗುತ್ತದೆ. ಪೆಟ್ಟು ತಿಂದ ನವಿಲನ್ನು ಅರಮನೆಯ ನಾಯಿಯೇ ಹಿಡಿದು ಕೊಲ್ಲುತ್ತದೆ. ತಾಯಿ ಮಗನನ್ನು ಕೊಂದಂತಾಯಿತು. ನೆತ್ತದಾಟದಲ್ಲಿದ್ದ ಯಶೋಮತಿ ಸಿಟ್ಟಿನಿಂದ ಹಲಗೆಯಲ್ಲಿ ಹೊಡೆಯಲು ನಾಯಿಯೂ ಸಾಯುತ್ತದೆ. 1209ರಲ್ಲಿ ಜನ್ನನು ಈ ಕಥೆಯನ್ನು ಕನ್ನಡಕ್ಕೆ ತಂದಾಗ ಓದುಗರ ಮನಸ್ಸಿನಲ್ಲಿ ಉಳಿದುದು ಅಮೃತಮತಿ–ಅಷ್ಟಾವಂಕರ ಪ್ರಸಂಗ. ವಿಮರ್ಶೆಯೂ ಬಹುಮಟ್ಟಿಗೆ ಅದರ ಸುತ್ತಲೇ ಸುತ್ತಿದೆ. ಆದರೆ ಒಂದೇ ಸೂರಿನಡಿ ಒಂದೇ ಯಜಮಾನನ ಪ್ರೀತಿಯಲ್ಲಿ ಬೆಳೆದ ಎರಡು ಜೀವಗಳು ಹೀಗೆ ಮುಗಿಯುವ ಈ ಚಿಕ್ಕ ಘಟನೆಯಲ್ಲಿ ಸಾಕುವವನ ಸ್ಥಿತಿಯ ಮೇಲೆ ಕಠಿಣವಾದ ವ್ಯಾಖ್ಯಾನವಿದೆ. ಯಶೋಮತಿಗೆ ಎರಡೂ ಪ್ರಿಯವಾಗಿದ್ದವು. ಅವನ ಪ್ರೀತಿ ಎರಡನ್ನೂ ಉಳಿಸಲಿಲ್ಲ.

ಇನ್ನು ಮುಚ್ಚಿದ ಬಾಗಿಲು. ಹೊರಗೆ ಬಿಟ್ಟರೆ ಹಿಂಸಾದಾನವೆಂದಾದರೆ ಒಳಗೇ ಇರಿಸಿದರಾಯಿತು ಎನ್ನುವಂತಿಲ್ಲ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಬಂಧ. ಕಟ್ಟಿಹಾಕುವುದು ಮಾತ್ರವಲ್ಲ, ಜೀವಿಯೊಂದು ತನಗಿಷ್ಟವಾದ ಕಡೆಗೆ ಚಲಿಸದಂತೆ ತಡೆಯುವ ಯಾವುದೇ ಉಪಾಯವೂ ಬಂಧವೇ ಎಂಬರ್ಥದಲ್ಲಿ ಪೂಜ್ಯಪಾದರು ಅದನ್ನು ವಿವರಿಸುತ್ತಾರೆ. ಈ ವಿವರಣೆಯ ಮುಂದೆ ಕದ ಹಾಕಿದ ಕೋಣೆಗೂ ಕುತ್ತಿಗೆಯ ಹಗ್ಗಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಸಮಂತಭದ್ರರ ಹಿಂಸೋಪಕರಣಗಳಲ್ಲಿ ಸಂಕೋಲೆ ಇದ್ದುದನ್ನೂ, ಸೋಮದೇವರ ಪಟ್ಟಿಯಲ್ಲಿ ಬೆಕ್ಕಿನ ಬಳಿಯಲ್ಲೇ ಪಾಶ, ಹಗ್ಗಗಳು ಇದ್ದುದನ್ನೂ ಇಲ್ಲಿ ನೆನೆಯಬೇಕು. ಅಷ್ಟೇ ಅಲ್ಲ, ಅದೇ ಪ್ರಕರಣದಲ್ಲಿ ಕೊಲ್ಲುವಿಕೆಯ ಜೊತೆಗೆ ಕಟ್ಟುವಿಕೆ, ತಡೆದಿಡುವಿಕೆಗಳಿಗೆ ಕಾರಣವಾಗುವ ಇತರ ಕ್ರಿಯೆಗಳೂ ಅನರ್ಥದಂಡವೇ ಎಂದು ಸೋಮದೇವರು ಸೇರಿಸುತ್ತಾರೆ. ಬೆಕ್ಕೂ ಅದನ್ನು ಕಟ್ಟುವ ಹಗ್ಗವೂ ಒಂದೇ ಉಸಿರಿನಲ್ಲಿ ನಿಷಿದ್ಧವಾದವು. ತೆರೆದರೆ ಹಕ್ಕಿಯ ಕಡೆಯಿಂದ ದೋಷ, ಮುಚ್ಚಿದರೆ ಬೆಕ್ಕಿನ ಕಡೆಯಿಂದ ದೋಷ.

ಇಂತಹ ಎಡೆಯಲ್ಲಿ ವ್ಯಾಖ್ಯಾನಕಾರರು ಸುಮ್ಮನೆ ಕೈಚೆಲ್ಲಿಲ್ಲ. ಶ್ವೇತಾಂಬರ ಟೀಕಾಕಾರರು ಬಂಧವನ್ನು ಸಕಾರಣ, ನಿಷ್ಕಾರಣವೆಂದು ಒಡೆದು, ಸಕಾರಣವಾದುದನ್ನು ಸಾಪೇಕ್ಷ, ನಿರಪೇಕ್ಷವೆಂದು ಮತ್ತೆ ಒಡೆಯುತ್ತಾರೆ. ಅಲುಗಾಡದಂತೆ ಬಿಗಿಯುವುದು ನಿರಪೇಕ್ಷ. ಬೆಂಕಿ ಬಿದ್ದಾಗ ಥಟ್ಟನೆ ಬಿಚ್ಚಬಹುದಾದ ಅಥವಾ ಕತ್ತರಿಸಬಹುದಾದ ಸಡಿಲ ಗಂಟು ಸಾಪೇಕ್ಷ. ಕಟ್ಟದೆಯೇ ಇರಬಲ್ಲಂತಹ ಪ್ರಾಣಿಗಳನ್ನು ಮಾತ್ರ ಇರಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಆಶಾಧರರೂ ‘ಸಾಗಾರಧರ್ಮಾಮೃತ’ದಲ್ಲಿ ಗೋವು ಮೊದಲಾದುವುಗಳ ಬಗ್ಗೆ ಇದೇ ಬಗೆಯ ಮೆಟ್ಟಿಲುಗಳನ್ನು ಇಡುತ್ತಾರೆ: ಅವುಗಳಿಂದ ಜೀವನೋಪಾಯವನ್ನೇ ಬಿಡುವುದು, ಆಗದಿದ್ದರೆ ಕಟ್ಟದೆ ಇರಿಸಿಕೊಳ್ಳುವುದು, ಅದೂ ಆಗದಿದ್ದರೆ ನಿರ್ದಯೆಯಿಲ್ಲದೆ ಕಟ್ಟುವುದು. ಶಾಸ್ತ್ರಕಾರರ ದೃಷ್ಟಿ ಕೊಟ್ಟಿಗೆಯ ಹಸುವಿನ ಮೇಲಿತ್ತು ಎಂಬುದು ನಿಜ. ಆದರೆ ಬೆಂಕಿ ಬಿದ್ದಾಗ ಬಿಚ್ಚಲು ಬರುವ ಗಂಟು ಎಂಬ ಕಲ್ಪನೆಯಲ್ಲಿ ಕಟ್ಟುವವನು ಕಟ್ಟಿಸಿಕೊಂಡ ಪ್ರಾಣಿಯ ಜಾಗದಲ್ಲಿ ಒಮ್ಮೆಯಾದರೂ ನಿಂತು ನೋಡಿದ್ದಾನೆ.

ಚಲನೆಗೆ ಮಿತಿ ಹಾಕುವುದರಿಂದ ಹಿಂಸೆ ಕಡಿಮೆಯಾಗುತ್ತದೆಂಬ ತತ್ತ್ವವೂ ಈ ಗ್ರಂಥಗಳಿಗೆ ಹೊಸತಲ್ಲ. ದಿಗ್ವ್ರತ, ದೇಶವ್ರತಗಳೆಂದರೆ ಅದೇ. ಇಂತಹ ನದಿಯಾಚೆ, ಇಂತಹ ಊರಿನಾಚೆ ಹೋಗೆನೆಂದು ಶ್ರಾವಕನು ಎಲ್ಲೆ ಹಾಕಿಕೊಂಡರೆ, ಆ ಎಲ್ಲೆಯಾಚೆಯ ಜೀವಿಗಳಿಗೆ ಅವನಿಂದ ಅಭಯ. ಆದರೆ ಅದು ತಾನಾಗಿ ಕೈಗೊಳ್ಳುವ ವ್ರತ. ಒಬ್ಬನು ಇನ್ನೊಂದು ಜೀವಿಯ ಪರವಾಗಿ ದಿಗ್ವ್ರತ ತೊಟ್ಟರೆ ಅದಕ್ಕೆ ಬಂಧವೆಂದೇ ಹೆಸರು. ತಿರ್ಯಂಚ ಜೀವಿಗಳಿಗೂ ಅಣುವ್ರತ ಸಾಧ್ಯವೆಂದು ಸಿದ್ಧಾಂತ ಒಪ್ಪುತ್ತದೆ. ವರ್ಧಮಾನ ಜಿನನ ಹಿಂದಿನ ಭವದ ಸಿಂಹವು ಚಾರಣಮುನಿಗಳ ಮಾತು ಕೇಳಿ ಬೇಟೆಯನ್ನು ತೊರೆದುದು ಪುರಾಣಪ್ರಸಿದ್ಧ. ಸಿಂಹಕ್ಕೆ ಚಾರಣಮುನಿಗಳು ದೊರೆತರು. ಅಡುಗೆಮನೆಯ ಬೆಕ್ಕಿಗೆ ದೊರೆಯುವವರು ಮನೆಮಂದಿ ಮಾತ್ರ.

ಯಶಸ್ತಿಲಕವನ್ನು ಸಾಂಸ್ಕೃತಿಕ ಇತಿಹಾಸದ ಆಕರವಾಗಿ ವಿಸ್ತಾರವಾಗಿ ಪರಿಶೀಲಿಸಿದ ಕೃಷ್ಣಕಾಂತ ಹಂಡಿಕೆಯವರ ಗ್ರಂಥವು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ 1949ರಲ್ಲಿ ಪ್ರಕಟವಾಯಿತು. ಅದೇ ವರ್ಷ, ಸೋಮದೇವರ ಹೆಸರನ್ನೇ ಕೇಳಿರದ ದೂರದ ಅಮೆರಿಕೆಯ ಇಲಿನಾಯ್ ರಾಜ್ಯದಲ್ಲಿ ಬೆಕ್ಕಿನ ಬಾಗಿಲಿನ ಪ್ರಶ್ನೆ ಶಾಸನಸಭೆಯವರೆಗೆ ಹೋಗಿತ್ತು. ಕೀಟಭಕ್ಷಕ ಪಕ್ಷಿಗಳ ರಕ್ಷಣೆಗಾಗಿ ಬೆಕ್ಕುಗಳನ್ನು ನಿರ್ಬಂಧಿಸುವ ಮಸೂದೆಯೊಂದನ್ನು ಅಲ್ಲಿಯ ಶಾಸಕರು ಅಂಗೀಕರಿಸಿದ್ದರು. ಬೆಕ್ಕನ್ನು ತನ್ನ ಆವರಣದ ಹೊರಗೆ ಅಲೆಯಲು ಬಿಟ್ಟ ಒಡೆಯನಿಗೆ ದಂಡ. ಅಲೆಯುವ ಬೆಕ್ಕನ್ನು ಯಾರು ಬೇಕಾದರೂ ಹಿಡಿಯಬಹುದು, ಬೋನು ಇಡಬಹುದು. ಇದರ ಹಿಂದೆ ಪಕ್ಷಿಪ್ರೇಮಿಗಳ ದಶಕಗಳ ಒತ್ತಾಯವಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ಪಕ್ಷಿತಜ್ಞ ಎಡ್ವರ್ಡ್ ಹೋವ್ ಫೋರ್ಬುಷ್, ಸಾಕುಬೆಕ್ಕು ಹಕ್ಕಿಗಳಿಗೆ ಒಡ್ಡುವ ಅಪಾಯವನ್ನು ಕುರಿತು 1916ರಲ್ಲೇ ಪುಸ್ತಿಕೆಯೊಂದನ್ನು ಹೊರತಂದಿದ್ದರು.

ಗವರ್ನರ್ ಅಡ್ಲೈ ಸ್ಟೀವನ್ಸನ್ 1949ರ ಏಪ್ರಿಲ್ 23ರಂದು ಆ ಮಸೂದೆಗೆ ಅಂಕಿತ ಹಾಕದೆ ಹಿಂದಿರುಗಿಸಿದರು. ಅವರು ಜೊತೆಗೆ ಕಳಿಸಿದ ಸಂದೇಶ ಹಾಸ್ಯಕ್ಕಾಗಿ ಇಂದಿಗೂ ಪ್ರಸಿದ್ಧ. ಯಾರ ಬೆಂಗಾವಲೂ ಇಲ್ಲದೆ ಒಂದಿಷ್ಟು ಅಲೆಯುವುದು ಬೆಕ್ಕಿನ ಪ್ರಕೃತಿ, ಹಗ್ಗ ಹಾಕಿ ಕರೆದೊಯ್ಯುವುದು ಅದಕ್ಕೆ ವಿರುದ್ಧ. ನೆರೆಮನೆಯ ಅಂಗಳಕ್ಕೆ ಹೋದ ಬೆಕ್ಕನ್ನು ಸಾರ್ವಜನಿಕ ಉಪದ್ರವವೆಂದು ಸಾರುವುದು ರಾಜ್ಯದ ನೀತಿಯಾಗಬಾರದು. ಹಳ್ಳಿಗಳಲ್ಲಿ ಇಲಿಗಳನ್ನು ಹತೋಟಿಯಲ್ಲಿಡುವ ಉಪಕಾರವೂ ಅದರಿಂದಿದೆ. ಬೆಕ್ಕು ಮತ್ತು ಹಕ್ಕಿಯ ಜಗಳದಲ್ಲಿ ಸರ್ಕಾರ ಪಕ್ಷ ವಹಿಸಿದರೆ ನಾಳೆ ನಾಯಿ ಮತ್ತು ಬೆಕ್ಕಿನ, ಹಕ್ಕಿ ಮತ್ತು ಹುಳುವಿನ ವ್ಯಾಜ್ಯಗಳೂ ಬಂದಾವು ಎಂಬುದು ಅವರ ವಾದದ ಸಾರ.

ಮಾತು ಸೊಗಸಾಗಿದೆ. ಆದರೆ ಶ್ರಾವಕಾಚಾರದ ಬೆಳಕಿನಲ್ಲಿ ಓದಿದಾಗ ಅದರ ಕೊರತೆಯೂ ಎದ್ದು ಕಾಣುತ್ತದೆ. ಸ್ಟೀವನ್ಸನ್ನರು ಬಂಧದ ದೋಷವನ್ನು ಸರಿಯಾಗಿ ಗುರುತಿಸಿದರು. ಹಿಂಸಾದಾನದ ದೋಷವನ್ನು ನಗೆಯಲ್ಲಿ ತೇಲಿಸಿಬಿಟ್ಟರು. ಬೆಕ್ಕು, ಹಕ್ಕಿ, ನಾಯಿ, ಹುಳು ಎಲ್ಲರೂ ಬಂದ ಆ ವ್ಯಾಜ್ಯದಲ್ಲಿ ಬೆಕ್ಕಿಗೆ ದಿನವೂ ಅನ್ನವಿಟ್ಟು ಬಾಗಿಲು ತೆರೆಯುವ ಮನುಷ್ಯನು ಕಕ್ಷಿದಾರನಾಗಿ ಬರಲೇ ಇಲ್ಲ. ಹಕ್ಕಿ ಮತ್ತು ಹುಳುವಿನ ನಡುವಣದು ಪ್ರಕೃತಿಯ ವ್ಯವಹಾರ. ಮನೆಯ ಬೆಕ್ಕು ಮತ್ತು ಅಂಗಳದ ಹಕ್ಕಿಯ ನಡುವೆ ಸಾಕಿದವನ ಕೈ ಇದೆ. ಮಸೂದೆಯನ್ನು ಬರೆದವರು ದಂಡವನ್ನು ಒಡೆಯನ ಮೇಲೆ ಹಾಕಿದ್ದರಿಂದ ಅವರ ತರ್ಕವೇ ಹೆಚ್ಚು ನೇರವಾಗಿತ್ತೆನ್ನಬೇಕು. ದಾರಿಹೋಕನ ಕೈಗೆ ಬೋನು ಕೊಟ್ಟುದು ಮಾತ್ರ ಅದರ ಕ್ರೌರ್ಯ.

ಬಾಗಿಲು ಮುಚ್ಚುವ ಆಯ್ಕೆ ಆ ಹೊತ್ತಿಗೆ ಇನ್ನೂ ಎಳೆಯದು. 1947ರಲ್ಲಿ, ನೆರೆಯ ಮಿಷಿಗನ್ ರಾಜ್ಯದ ಕ್ಯಾಸೋಪೊಲಿಸ್ ಎಂಬ ಊರಿನ ಎಡ್ವರ್ಡ್ ಲೋ ಎಂಬ ವ್ಯಾಪಾರಿ, ಬೂದಿ ಮರಳುಗಳ ಬದಲಿಗೆ ತೇವ ಹೀರುವ ಒಣ ಜೇಡಿಮಣ್ಣನ್ನು ಬೆಕ್ಕಿನ ಮಲಮೂತ್ರದ ತಟ್ಟೆಗೆ ಬಳಸಬಹುದೆಂದು ಕಂಡು ಅದನ್ನು ‘ಕಿಟ್ಟಿ ಲಿಟರ್’ ಎಂಬ ಹೆಸರಿನಲ್ಲಿ ಮಾರತೊಡಗಿದ. ನೀತಿಶಾಸ್ತ್ರದ ಚರಿತ್ರೆಯಲ್ಲಿ ಲೋನ ಹೆಸರನ್ನು ಯಾರೂ ಬರೆಯುವುದಿಲ್ಲ. ಆದರೆ ವರ್ಷವಿಡೀ ಬೆಕ್ಕನ್ನು ಮನೆಯೊಳಗೇ ಇರಿಸಿಕೊಳ್ಳುವುದು ಸಾಮಾನ್ಯ ಗೃಹಸ್ಥನಿಗೆ ಸಾಧ್ಯವಾದುದು ಈ ಮಣ್ಣಿನ ಚೀಲದಿಂದ. ಆಯ್ಕೆಯೇ ಇಲ್ಲದಿದ್ದಾಗ ಪ್ರಶ್ನೆಯಿರಲಿಲ್ಲ. ಆಯ್ಕೆ ಬಂದ ಮೇಲೆ ತೆರೆದ ಬಾಗಿಲು ನಿರ್ಧಾರವಾಯಿತು.

ಬೆಕ್ಕು–ಹಕ್ಕಿಯ ಕಲಹ ಅನಾದಿಯೆಂಬ ಮಾತಿಗೂ ಮಿತಿಯಿದೆ. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರಲ್ಲಿ ದೀಪಸ್ತಂಭ ಬೆಳಗಿತು. ಕಾವಲಿನವರೊಂದಿಗೆ ಬೆಕ್ಕೂ ಬಂತು. ಬೆಕ್ಕು ಕಚ್ಚಿ ತಂದ ಚಿಕ್ಕ ಹಕ್ಕಿಗಳು ಸಹಾಯಕ ಕಾವಲುಗಾರ ಡೇವಿಡ್ ಲಯಾಲನ ಮೂಲಕ ವಿದ್ವಾಂಸರ ಕೈಸೇರಿ, ಅದು ಅದುವರೆಗೆ ಹೆಸರಿಸದ ಜಾತಿಯೆಂದು ತಿಳಿದುಬಂತು. ಇಂಗ್ಲೆಂಡಿನ ವಾಲ್ಟರ್ ರಾಥ್ಸ್‌ಚೈಲ್ಡ್ ಅದಕ್ಕೆ ಲಯಾಲನ ಹೆಸರನ್ನೇ ಇಟ್ಟ. ಹಾರಲಾರದ ಆ ಹಾಡುಹಕ್ಕಿಯ ಜಾತಿ ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ಒಂದೇ ಬೆಕ್ಕು ಒಂದು ಜಾತಿಯನ್ನೇ ಅಳಿಸಿತೆಂಬುದು ಬಹುಕಾಲ ಹಬ್ಬಿದ್ದ ಕಥೆ. ಗಾಲ್ಬ್ರೆತ್ ಮತ್ತು ಬ್ರೌನ್ ಎಂಬ ವಿದ್ವಾಂಸರು 2004ರಲ್ಲಿ ದಾಖಲೆಗಳನ್ನು ಪರಿಶೀಲಿಸಿ, ದ್ವೀಪದಲ್ಲಿ ಕಾಡುಪಾಲಾಗಿ ಹೆಚ್ಚಿದ ಹಲವು ಬೆಕ್ಕುಗಳು ಇದಕ್ಕೆ ಕಾರಣವೆಂದು ತೋರಿಸಿದರು. ಒಂಟಿ ಬೆಕ್ಕಿನ ಕಥೆ ಸಾಕಿದವರಿಗೆ ಹೆಚ್ಚು ಅನುಕೂಲವಾಗಿತ್ತೆಂದು ತೋರುತ್ತದೆ, ಅಪರಾಧಿಗೆ ನಾಲ್ಕು ಕಾಲುಗಳಿದ್ದುದರಿಂದ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತು. ಈ ಸಂಖ್ಯೆಯನ್ನು ಉಲ್ಲೇಖಿಸುವವರು ಅದರ ಇನ್ನೊಂದು ಭಾಗವನ್ನು ಬಿಡುವುದುಂಟು: ಇವುಗಳಲ್ಲಿ ಬಹುಪಾಲು ಒಡೆಯರಿಲ್ಲದ ಬೆಕ್ಕುಗಳ ಬೇಟೆ. ಹಾಗೆಂದು ಒಡೆಯರು ನಿರಾಳವಾಗುವಂತಿಲ್ಲ. ಸಾಕಿ ಬೀದಿಗೆ ಬಿಟ್ಟವರ ಮತ್ತು ಮರಿಗಳ ಹೆಚ್ಚಳವನ್ನು ತಡೆಯದವರ ಪಾಲು ಆ ಒಡೆಯರಿಲ್ಲದ ಸಂತತಿಯಲ್ಲಿ ಸೇರಿಯೇ ಇದೆ.

ಬಾಗಿಲಿನ ಪ್ರಶ್ನೆಗೆ ಅಂಟಿಕೊಂಡೇ ತಟ್ಟೆಯ ಪ್ರಶ್ನೆ ಬರುತ್ತದೆ. ಶಾಕಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ ಹಾಕಿ ಪುಣ್ಯಕಟ್ಟಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಅದು ಅರ್ಧ ಊಟ. ಉಳಿದರ್ಧವನ್ನು ಬೆಕ್ಕು ಅಟ್ಟದ ಮೇಲೆ, ಹಿತ್ತಿಲಿನಲ್ಲಿ ತಾನೇ ಪೂರೈಸಿಕೊಳ್ಳುತ್ತಿತ್ತು. ಮನೆಯವರು ನೋಡದಿದ್ದರಾಯಿತು. ಟಾರಿನ್ ಎಂಬ ಪೋಷಕಾಂಶವಿಲ್ಲದೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ, ಅದು ಸಹಜವಾಗಿ ದೊರೆಯುವುದು ಮಾಂಸದಲ್ಲಿ. ಕೃತಕವಾಗಿ ತಯಾರಿಸಿದ ಟಾರಿನ್ ಇಂದು ಲಭ್ಯವಿದ್ದರೂ ಅಂಗಡಿಯ ಬೆಕ್ಕಿನ ಆಹಾರಗಳ ಬುನಾದಿ ಹೆಚ್ಚಾಗಿ ಮೀನು ಮಾಂಸವೇ. ಕದ ಮುಚ್ಚಿದವನು ಹಿತ್ತಿಲ ಗುಬ್ಬಿಯನ್ನು ಉಳಿಸಿ ಮೀನಿನ ಡಬ್ಬಿಯನ್ನು ತರುತ್ತಾನೆ. ಬೆಕ್ಕನ್ನು ಇರಿಸಿಕೊಳ್ಳಲೇಬೇಡಿ ಎಂದ ಗ್ರಂಥಕಾರರ ನಿಷ್ಠುರತೆಗೆ ಇಲ್ಲಿ ಒಂದು ಅರ್ಥ ಹೊಳೆಯುತ್ತದೆ: ಮೂರನೆಯ ದಾರಿಯಿಲ್ಲದ ಕಡೆಗೆ ಕಾಲಿಡುವ ಮೊದಲೇ ಅವರು ತಡೆಯಲೆತ್ನಿಸಿದರು. ಆದರೆ ಮರಿ ಈಗಾಗಲೇ ಹೊಸ್ತಿಲಿನ ಒಳಗಿದ್ದರೆ ಆ ನಿಷೇಧದಿಂದ ಅದಕ್ಕೆ ಅನ್ನ ಸಿಗದು.

ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಪಯುಕ್ತ. ಹೆಚ್ಚು ಮಾಂಸಾಂಶದ, ಧಾನ್ಯರಹಿತ ಆಹಾರ ತಿಂದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇಕಡಾ 36ರಷ್ಟು ಇಳಿಯಿತು. ದಿನಕ್ಕೆ ಐದು–ಹತ್ತು ನಿಮಿಷ ಮನೆಯವರು ಅದರೊಡನೆ ಬೇಟೆಯ ಆಟವಾಡಿದರೆ ಶೇಕಡಾ 25ರಷ್ಟು ಇಳಿಯಿತು. ಕೊರಳಿನ ಗಂಟೆಯಿಂದ ಮಾತ್ರ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನಮ್ಮ ಗಾದೆ ಕೇಳುತ್ತದೆ. ಕಟ್ಟಿದ ಮೇಲೂ ಇಲಿಗಳಿಗೆ ನೆಮ್ಮದಿಯಿಲ್ಲ ಎಂಬುದು ಈಗ ಸೇರಿಕೊಂಡಿತು.

ಸ್ಟೀವನ್ಸನ್ನರ ನಿಲುವಿನಿಂದ ಸರ್ಕಾರಗಳು ಇಂದು ಬಹುದೂರ ಬಂದಿವೆ. ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಿಂದೀಚೆಗೆ ಹುಟ್ಟಿದ ಬೆಕ್ಕುಗಳು ಒಡೆಯನ ಆವರಣದೊಳಗೇ ಇರಬೇಕು. ಹೊರಬಂದರೆ ಹಗ್ಗ ಹಾಕಿಯೇ ಬರಬೇಕು. ಅದೇ ವರ್ಷ ಜರ್ಮನಿಯ ವಾಲ್‌ಡಾರ್ಫ್ ಎಂಬ ಊರಿನ ಒಂದು ಭಾಗದಲ್ಲಿ, ನೆಲದಲ್ಲಿ ಗೂಡುಕಟ್ಟುವ ಜುಟ್ಟಿನ ಬಾನಾಡಿಯ ಮರಿಗಳು ಉಳಿಯಲೆಂದು ಆಗಸ್ಟ್ ಕೊನೆಯವರೆಗೆ ಬೆಕ್ಕುಗಳನ್ನು ಒಳಗಿರಿಸಬೇಕೆಂಬ ಆಜ್ಞೆ ಹೊರಟಿತು. ಋತುವಿಗೆ ಸೀಮಿತವಾದ ಈ ಎರಡನೆಯ ಆಜ್ಞೆ, ಇಷ್ಟು ಕಾಲ, ಇಷ್ಟು ಎಡೆ ಎಂದು ಎಲ್ಲೆ ಹಾಕುವ ದೇಶವ್ರತದ ರಚನೆಗೆ ಹತ್ತಿರವಾಗಿರುವುದು ಗಮನಾರ್ಹ. ಭಾರತದಲ್ಲಿ ಇಂತಹ ಆಜ್ಞೆಯಿಲ್ಲ. ಇರುವುದು ಬಂಧದ ಅತಿಚಾರವನ್ನು ನೆನಪಿಸುವ ಕಾನೂನು. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 11ನೆಯ ಸೆಕ್ಷನ್, ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದನ್ನೂ ಅತಿಯಾದ ಅವಧಿಗೆ ಕಟ್ಟಿಹಾಕುವುದನ್ನೂ ಕ್ರೌರ್ಯವೆಂದು ಎಣಿಸುತ್ತದೆ.

ಬೆಂಗಳೂರಿನ ಬಹುಮಹಡಿ ಮನೆಗಳ ಬಾಲ್ಕನಿಗಳಿಗೆ ಪಾರಿವಾಳ ಬರದಂತೆ ಬಲೆ ಕಟ್ಟುವುದು ಈಗ ಸಾಮಾನ್ಯ. ಬೆಕ್ಕು ಸಾಕಿದ ಮನೆಗಳಲ್ಲಿ ಅದೇ ಬಲೆಗೆ ಇನ್ನೊಂದು ಕೆಲಸ ಸೇರುತ್ತದೆ. ಬಿಸಿಲೂ ಗಾಳಿಯೂ ಬೆಕ್ಕಿಗೆ ತಲುಪುತ್ತವೆ, ಕೆಳಗಿನ ರಸ್ತೆಯ ವಾಹನ ತಲುಪುವುದಿಲ್ಲ. ಹಕ್ಕಿ ಕಾಣುತ್ತದೆ, ಸಿಗುವುದಿಲ್ಲ. ಹಳ್ಳಿಯ ತೆರೆದ ಮನೆಗೆ ಈ ಉಪಾಯ ಹೊಂದದು. ಅಲ್ಲಿ ಹಕ್ಕಿಗಳು ಮೇಯುವ ಮುಂಜಾವ–ಮುಸ್ಸಂಜೆಗಳಲ್ಲಿಯೂ, ರಾತ್ರಿಯಲ್ಲಿಯೂ ಕದ ಹಾಕಿ ನಡುಹಗಲು ಬಿಡುವವರಿದ್ದಾರೆ. ಎರಡೂ ಬಂಧಗಳೇ, ಆದರೆ ಹಳೆಯ ಟೀಕಾಕಾರರು ಕೇಳುತ್ತಿದ್ದ ಪ್ರಶ್ನೆ ಬೇರೆ. ಬಾಲ್ಕನಿಯ ಬಲೆಯನ್ನು ಕಟ್ಟಿದವನು, ಒಳಗೆ ಬೆಂಕಿ ಬಿದ್ದರೆ ಬೆಕ್ಕು ಯಾವ ಕಡೆಯಿಂದ ಹೊರಬರುತ್ತದೆಂದು ನೋಡಿಕೊಂಡಿದ್ದಾನೆಯೆ?